ಆಗಸ್ಟ್ ತಿಂಗಳ ಅತಿಥಿಗಳು

ಆಗಸ್ಟ್ ಬಂತೆಂದರೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ವಿಮಾನ ನಿಲ್ದಾಣಗಳಲ್ಲಿ ಈ ದೃಶ್ಯ ತಪ್ಪದು. ಎರಡು ಭಾರದ ಸೂಟ್‌ಕೇಸು, ಅದರೊಳಗೊಂದು ಪ್ರೆಷರ್ ಕುಕ್ಕರ್, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ. ಕೈಯಲ್ಲಿ ಐ-20 ಕಾಗದವಿರುವ ಫೈಲು ಹಿಡಿದು ನಿಂತ ಹುಡುಗ ಹುಡುಗಿಯರು. ಹೊರಗೆ ನೆತ್ತಿ ಸುಡುವ ಬಿಸಿಲು. ಸಂಘದ ಹುಟ್ಟುಹಬ್ಬದ ಈ ಸಂಚಿಕೆಯಲ್ಲಿ ಇವರ ಚರಿತ್ರೆಯನ್ನು ನೆನೆಯುವುದು ಉಚಿತ. ಏಕೆಂದರೆ ಅದು ನಮ್ಮದೇ ಚರಿತ್ರೆ.

1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾವ್ 1929ರಲ್ಲಿ ವಿದ್ಯಾರ್ಥಿಯಾಗಿ ಫ್ರಾನ್ಸಿನ ಮೊಂಪೆಲಿಯೆಗೆ ಹೋದರು. ನಂತರದ ವರ್ಷಗಳಲ್ಲಿ ಅವರ ಕನ್ನಡ ಬರಹಗಳು ‘ಜಯ ಕರ್ನಾಟಕ’ದಲ್ಲಿ ಅಚ್ಚಾದವು. ‘ಕಾಂತಾಪುರ’ (1938) ಬರೆದ ಅವರೇ 1966ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ತತ್ತ್ವಶಾಸ್ತ್ರದ ಅಧ್ಯಾಪಕರಾಗಿ ಬಂದು ಬಹುಕಾಲ ಪಾಠ ಹೇಳಿದರು. 2006ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಪರದೇಶದಲ್ಲಿ ಶಿಷ್ಯನಾಗಿದ್ದವರು ಪರದೇಶದಲ್ಲಿಯೇ ಗುರುವಾದರು.

ಈ ದಾರಿ ಸುಲಭವಾಗಿ ತೆರೆಯಲಿಲ್ಲ. 1946ರ ಕಾನೂನು ಭಾರತೀಯರಿಗೆ ವರ್ಷಕ್ಕೆ ಸುಮಾರು 100 ವಲಸೆ ವೀಸಾಗಳನ್ನಷ್ಟೇ ಕೊಟ್ಟಿತ್ತು. ಓದಲು ಬಂದವರು ಓದಿ ಹಿಂತಿರುಗಬೇಕು ಎಂಬುದೇ ಅಂದಿನ ಲೆಕ್ಕ. 1948ರಲ್ಲಿ ವಿದೇಶಿ ವಿದ್ಯಾರ್ಥಿ ಸಲಹೆಗಾರರ ರಾಷ್ಟ್ರೀಯ ಸಂಘ ಹುಟ್ಟಿತು. 1950ರಲ್ಲಿ ಭಾರತದೊಡನೆ ಫುಲ್‌ಬ್ರೈಟ್ ಒಪ್ಪಂದವಾಯಿತು. ಮೈಸೂರಿನ ಎ. ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಬಂದದ್ದು ಈ ವಿದ್ಯಾರ್ಥಿವೇತನದಿಂದಲೇ. 1965ರ ವಲಸೆ ಕಾನೂನು ಬಾಗಿಲನ್ನು ಅಗಲ ಮಾಡಿತು. ಓದಲು ಬಂದವರು ನೆಲೆಸುವುದೂ ಸಾಧ್ಯವಾಯಿತು. 1985ರಲ್ಲಿ ಡಲ್ಲಾಸಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಮೇಲೆ ಎರಡೂ ಊರುಗಳ ನಂಟು ಮತ್ತಷ್ಟು ಬಲವಾಯಿತು.

ವೈದ್ಯರಾದ ನಾವೂ ಈ ಸಾಲಿನವರೇ. ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆ ಬಂದ ನಮ್ಮಲ್ಲಿ ಅನೇಕರದು ಜೆ-1 ವೀಸಾ. ಕಾನೂನಿನ ಕಣ್ಣಿಗೆ ನಾವು ‘ವಿನಿಮಯ ಸಂದರ್ಶಕರು’. ಬಾಡಿಗೆ ಮನೆಗೆ ಮುಂಗಡ ಕಟ್ಟುವುದು, ಕಾರಿಲ್ಲದೆ ಅಂಗಡಿಗೆ ಹೋಗುವುದು, ಬಲಬದಿಯ ರಸ್ತೆಗೆ ಒಗ್ಗುವುದು ಎಲ್ಲವನ್ನೂ ಮತ್ತೊಬ್ಬರ ಕೈ ಹಿಡಿದೇ ಕಲಿತೆವು.

ಟೆಕ್ಸಸ್‌ನಲ್ಲಿ ಇನ್ನೊಂದು ವಿಶೇಷವಿದೆ. ಮಿದುಳುಪೊರೆಯ ಸೋಂಕಾದ ಮೆನಿಂಜೈಟಿಸ್‌ಗೆ ವಿದ್ಯಾರ್ಥಿಗಳು ತುತ್ತಾದ ಬಳಿಕ, 2011ರ ಕಾನೂನು ಕಾಲೇಜು ಸೇರುವವರಿಗೆ ಅದರ ಲಸಿಕೆಯನ್ನು ಕಡ್ಡಾಯ ಮಾಡಿತು. ಈಗ ಅದು 22 ವರ್ಷದೊಳಗಿನವರಿಗೆ ಅನ್ವಯಿಸುತ್ತದೆ. ತರಗತಿ ಆರಂಭಕ್ಕೆ ಕನಿಷ್ಠ 10 ದಿನ ಮೊದಲು ಲಸಿಕೆ ಬಿದ್ದಿರಬೇಕು. ಹೊರಡುವ ಮೊದಲೇ ಊರಿನಲ್ಲಿ ಹಾಕಿಸಿಕೊಳ್ಳಿರೆಂದು ಒಂದು ಮಾತು ಹೇಳಿದರೆ ಎಷ್ಟೋ ಪರದಾಟ ತಪ್ಪುತ್ತದೆ.

ಕೆಲವು ವರ್ಷಗಳ ಹಿಂದಿನ ಒಂದು ರಾತ್ರಿ ನಮ್ಮನ್ನು ಇನ್ನೂ ಕಾಡುತ್ತದೆ. ಮೂರು ದಿನ ಹೊಟ್ಟೆನೋವು ನುಂಗಿಕೊಂಡು ಜೀರಿಗೆ ಕಷಾಯ ಕುಡಿಯುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಗೆಳೆಯರು ಹೊತ್ತು ತಂದರು. ಅಪೆಂಡಿಕ್ಸ್ ಒಡೆದಿತ್ತು. ಚೇತರಿಸಿಕೊಂಡ ಮೇಲೆ, “ಯಾಕಪ್ಪ ಇಷ್ಟು ತಡ ಮಾಡಿದೆ?” ಎಂದು ಕೇಳಿದೆವು. “ಬಿಲ್ಲಿಗೆ ಹೆದರಿದೆ ಸಾರ್. ಅಪ್ಪ ಮನೆ ಅಡವಿಟ್ಟು ಸಾಲ ಮಾಡಿದ್ದಾರೆ” ಎಂದ. ಅವನಿಗೆ ವಿಮೆ ಇತ್ತು. ಆ ಕಾರ್ಡು ಫೈಲಿನಲ್ಲಿ ಹಾಗೆಯೇ ಇತ್ತು. ಆಮೇಲೆ ತಿಳಿಯಿತು, ಅವನು ನಮ್ಮ ಯುಗಾದಿ ಊಟಕ್ಕೆ ಬಂದಿದ್ದವನೇ. ಹೋಳಿಗೆ ಬಡಿಸಿದ್ದೆವು, ಯಾವ ಊರೆಂದು ಕೇಳಿದ್ದೆವು. ಕಷ್ಟವಾದರೆ ಫೋನ್ ಮಾಡೆಂದು ನಂಬರು ಕೊಟ್ಟಿರಲಿಲ್ಲ. ತಪ್ಪು ಅವನದಷ್ಟೇ ಅಲ್ಲ.

2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಆ ವರ್ಷ ಎಲ್ಲ ದೇಶಗಳಿಗಿಂತ ಹೆಚ್ಚು. ಇಂದು ಟ್ಯಾಕ್ಸಿ, ಬಾಡಿಗೆ ಮನೆ, ದಿನಸಿ ಎಲ್ಲವೂ ಅವರ ಮೊಬೈಲಿನಲ್ಲಿಯೇ ಸಿಗುತ್ತವೆ. ನಮ್ಮ ಅಗತ್ಯವಿಲ್ಲವೆಂದು ತೋರಬಹುದು. ಆದರೆ ಮಧ್ಯರಾತ್ರಿ ಜ್ವರ ಬಂದಾಗ, ಪರೀಕ್ಷೆಯಲ್ಲಿ ಸೋತಾಗ, ಊರಿನಿಂದ ಸಾವಿನ ಸುದ್ದಿ ಬಂದಾಗ ಕನ್ನಡದಲ್ಲಿ ಮಾತಾಡಿಸುವ ಒಬ್ಬರು ಬೇಕು.

ನಮ್ಮ ವಿನಂತಿ ಇಷ್ಟೇ. ಈ ಆಗಸ್ಟಿನಲ್ಲಿ ಪ್ರತಿ ಮನೆಯೂ ಒಬ್ಬ ವಿದ್ಯಾರ್ಥಿಯನ್ನು ತನ್ನವನೆಂದುಕೊಳ್ಳಲಿ. ವಿಮೆಯ ಕಾರ್ಡನ್ನು ಜೊತೆಗೆ ಕೂತು ಓದಿ. ತಿಂಗಳಿಗೊಮ್ಮೆ ಊಟಕ್ಕೆ ಕರೆಯಿರಿ. ಊಟ ಮುಗಿಸಿ ಹೊರಡುವಾಗ ನಿಮ್ಮ ಫೋನ್ ನಂಬರನ್ನು ಮರೆಯದೆ ಕೊಡಿ. ನಾವು ಬಂದಿಳಿದ ದಿನ ನಮಗೂ ಯಾರೋ ಕೊಟ್ಟಿದ್ದರು.