ಕಡಿಮೆ ಕಾಂತಬಲದ ಶ್ವಾಸಕೋಶ ಎಂಆರ್‌ಐ

ಉಸಿರು ಬಿಗಿಹಿಡಿಯದೆ, ಸಹಜವಾಗಿ ಉಸಿರಾಡುತ್ತ ಮಲಗಿದ ರೋಗಿಯ ಶ್ವಾಸಕೋಶದಲ್ಲಿ ಗಾಳಿ, ರಕ್ತ ಎಲ್ಲೆಲ್ಲಿಗೆ ತಲುಪುತ್ತಿವೆ ಎಂದು ತೋರಿಸುವ ಚಿತ್ರಣ. ಇದಕ್ಕೆ ಎಕ್ಸ್‌ರೇ ಕಿರಣ ಬೇಡ, ಚುಚ್ಚುಮದ್ದೂ ಬೇಡ. ಆಸ್ಪತ್ರೆಗಳ ಸಾಮಾನ್ಯ ಎಂಆರ್‌ಐ ಯಂತ್ರದ ಕಾಂತಬಲ 1.5 ಅಥವಾ 3 ಟೆಸ್ಲಾ. ಈ ಚಿತ್ರಣಕ್ಕೆ ಬಳಕೆಯಲ್ಲಿರುವುದು ಮುಖ್ಯವಾಗಿ 0.55 ಟೆಸ್ಲಾ.

ಇದಕ್ಕೂ ಮೊದಲು ಎದೆಯೊಳಗನ್ನು ನೋಡಲು ಇದ್ದದ್ದು ಎಕ್ಸ್‌ರೇ. ಆ ಚರಿತ್ರೆಯಲ್ಲಿ ಕರ್ನಾಟಕದ ತುಮಕೂರು ಜಿಲ್ಲೆಗೆ ತನ್ನದೇ ಜಾಗವಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ಇಲ್ಲಿ ಸಮೀಕ್ಷೆ ನಡೆಸಿ, ಸಣ್ಣ ಅಳತೆಯ ಎಕ್ಸ್‌ರೇ ತೆಗೆಯುವ ಯಂತ್ರವನ್ನು ಜನರ ಬಳಿಗೇ ಒಯ್ದಿತು. ಚಿತ್ರದಲ್ಲಿ ನೆರಳು ಕಂಡವರ ಕಫ ಪರೀಕ್ಷಿಸಿತು. ರಾಜ್ ನರೈನ್ ಮತ್ತು ಸಂಗಡಿಗರ ವರದಿ 1963ರಲ್ಲಿ ಹೊರಬಂತು. ಅದೇ ವರ್ಷ ಬ್ಯಾನರ್ಜಿ ಮತ್ತು ಆಂಡರ್ಸನ್ ಪ್ರಕಟಿಸಿದ ಅಧ್ಯಯನದಂತೆ, ಈ ಜಿಲ್ಲೆಯ ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಹಳ್ಳಿಗರಿಗೆ ಕಾಯಿಲೆಯ ಅರಿವೇ ಇಲ್ಲವೆನ್ನುತ್ತಿದ್ದವರಿಗೆ ಇದು ತಕ್ಕ ಉತ್ತರ. ಆದರೆ ಎಕ್ಸ್‌ರೇ ತೋರುವುದು ಗಾಯದ ಕಲೆಯನ್ನು. ಕ್ಷಯ ವಾಸಿಯಾದ ಮೇಲೂ ಏದುಸಿರು ಬಿಡುವವರ ಶ್ವಾಸಕೋಶದಲ್ಲಿ ಎಷ್ಟು ಭಾಗ ಕೆಲಸ ಮಾಡುತ್ತಿದೆ ಎಂಬುದು ಅದಕ್ಕೆ ಎಟುಕದು.

ಎಂಆರ್‌ಐ ಹುಟ್ಟಿದ್ದೇ ದುರ್ಬಲ ಕಾಂತದಲ್ಲಿ. 1980ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಮಲ್ಲಾರ್ಡ್ ತಂಡ ರೋಗಿಗಳಿಗೆ ಬಳಸಿದ ಯಂತ್ರದ ಬಲ ಬರೀ 0.04 ಟೆಸ್ಲಾ. ಆಮೇಲೆ 1.5 ಟೆಸ್ಲಾ ರೂಢಿಯಾಯಿತು. ಮಿದುಳಿಗೆ, ಬೆನ್ನುಹುರಿಗೆ ಅದು ಒಗ್ಗಿತು, ಶ್ವಾಸಕೋಶಕ್ಕೆ ಒಗ್ಗಲಿಲ್ಲ. ಅಲ್ಲಿ ಸಂಕೇತ ಕೊಡುವ ನೀರಿನಂಶವೇ ಕಡಿಮೆ. ಸಾಲದ್ದಕ್ಕೆ, ಗಾಳಿಗೂಡುಗಳ ಅಂಚಿನಲ್ಲಿ ಕಾಂತಕ್ಷೇತ್ರ ಕದಡಿ, ಸಂಕೇತ ಒಂದೆರಡು ಮಿಲಿಸೆಕೆಂಡಿನಲ್ಲಿ ಅಳಿಸಿಹೋಗುತ್ತದೆ. 1994ರಲ್ಲಿ ಕ್ಸೆನಾನ್ ಅನಿಲ, 1996ರಲ್ಲಿ ಆಮ್ಲಜನಕ ಬಳಸಿ ಈ ತೊಡಕು ದಾಟುವ ದಾರಿ ಹುಡುಕಿದರು. ಕ್ಸೆನಾನ್‌ಗೆ ಪ್ರತ್ಯೇಕ ಸಲಕರಣೆ ಬೇಕು, ಒಳಗೆಳೆದ ಉಸಿರನ್ನು ಹಿಡಿದುಕೊಳ್ಳಲೂ ಬೇಕು.

ಈ ಕಟ್ಟು ಸಡಿಲಿಸಿದ್ದು ಜರ್ಮನಿಯ ಬೌಮನ್ ಮತ್ತು ಸಂಗಡಿಗರು, 2009ರಲ್ಲಿ. ಉಸಿರು ಹೊರಬಿಟ್ಟಾಗ ಶ್ವಾಸಕೋಶ ಒತ್ತಾಗಿ ಚಿತ್ರ ಬೆಳಗುತ್ತದೆ, ಎಳೆದುಕೊಂಡಾಗ ಮಂಕಾಗುತ್ತದೆ. ಹೃದಯದ ಬಡಿತಕ್ಕೂ ಬೇರೊಂದು ಏರಿಳಿತವಿದೆ. ಎರಡರ ಲಯ ಬೇರೆ ಬೇರೆ. ಗಣಿತದಿಂದ ಬಿಡಿಸಿದರೆ ಗಾಳಿಯ ನಕ್ಷೆ ಒಂದು, ರಕ್ತದ ನಕ್ಷೆ ಇನ್ನೊಂದು.

2019ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್-ವಾಶ್‌ಬರ್ನ್ ತಂಡ, 1.5 ಟೆಸ್ಲಾ ಯಂತ್ರವನ್ನೇ 0.55ಕ್ಕೆ ಇಳಿಸಿ ಶ್ವಾಸಕೋಶದ ಚಿತ್ರ ಸ್ಫುಟವಾಗುವುದನ್ನು ತೋರಿಸಿತು. ಬಲ ಇಳಿಸಿದರೆ ಸಂಕೇತವೂ ಕುಗ್ಗುತ್ತದೆ, ನಿಜ. ಆದರೆ ಗಾಳಿಯ ಅಂಚಿನ ಕದಡು ತಗ್ಗಿ ಸಂಕೇತ ಹೆಚ್ಚು ಹೊತ್ತು ಉಳಿಯುತ್ತದೆ. ಉಸಿರು ಹಿಡಿಯುವ ಹಂಗಿಲ್ಲದ್ದರಿಂದ ನಿಮಿಷಗಟ್ಟಲೆ ದಾಖಲಿಸಬಹುದು.

2022ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಕೋವಿಡ್ ಬಂದುಹೋದ ಮಕ್ಕಳನ್ನು ಇದೇ ವಿಧಾನದಿಂದ ಪರೀಕ್ಷಿಸಿದರು. ಶ್ವಾಸಕೋಶದ ರಚನೆ ಬಹುತೇಕ ಎಲ್ಲರಲ್ಲೂ ಸರಿಯಾಗಿಯೇ ಇತ್ತು. ಗಾಳಿಯೂ ರಕ್ತವೂ ಒಟ್ಟಿಗೆ ತಲುಪುವ ಭಾಗ ಮಾತ್ರ ಕಡಿಮೆಯಾಗಿತ್ತು.