ಗುಳ್ಳೆ ಏಳದ ಉಸಿರು

ಮುರುಡೇಶ್ವರದಿಂದ ದೋಣಿಯಲ್ಲಿ ಕರೆದೊಯ್ದು ಹೊಸಬರನ್ನು ನೇತ್ರಾಣಿಯ ನೀರಿಗೆ ಇಳಿಸುವುದು ನನ್ನ ಕೆಲಸ. ನಮ್ಮದು ಮಾಮೂಲಿ ಸಿಲಿಂಡರ್. ಎಳೆದ ಗಾಳಿ, ಬಿಟ್ಟ ಕೂಡಲೇ ಗುಳ್ಳೆಯಾಗಿ ಮೇಲೇರಿ ಹೋಗುತ್ತದೆ. ವಿಡಿಯೊ ನೋಡಿಕೊಂಡು ಬಂದ ಹುಡುಗರು ಕೇಳುವುದು ಬೇರೆ ಯಂತ್ರದ ಬಗ್ಗೆ. “ಸರ್, ರೀಬ್ರೀದರ್‌ನಲ್ಲಿ ಗುಳ್ಳೆಯೇ ಬರೋದಿಲ್ಲವಂತೆ. ಬಿಟ್ಟ ಉಸಿರನ್ನೇ ಮತ್ತೆ ಎಳೆದರೆ ಮನುಷ್ಯ ಬದುಕ್ತಾನಾ?” ಆಗ ನಾನು ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರನ ಕಥೆ ಹೇಳುತ್ತೇನೆ.

ಇಂಗ್ಲೆಂಡಿಗೂ ವೇಲ್ಸಿಗೂ ನಡುವೆ ಹರಿಯುವ ಸೆವರ್ನ್ ನದಿಯ ಅಳಿವೆಯಡಿ ಗ್ರೇಟ್ ವೆಸ್ಟರ್ನ್ ರೈಲ್ವೆಯವರು 1873ರಲ್ಲಿ ಸುರಂಗ ತೋಡಲು ತೊಡಗಿದ್ದರು. 1879ರ ಅಕ್ಟೋಬರಿನಲ್ಲಿ ಒಳಗೆ ದೊಡ್ಡದೊಂದು ಒರತೆ ಒಡೆಯಿತು. ಕೆಲಸಗಾರರು ಜೀವ ಉಳಿಸಿಕೊಂಡು ಓಡಿದರು. ಸುರಂಗದೊಳಗಿನ ಕಬ್ಬಿಣದ ಬಾಗಿಲು ತೆರೆದೇ ಉಳಿಯಿತು. ಅದನ್ನು ಮುಚ್ಚದೆ ನೀರು ಖಾಲಿಯಾಗುವಂತಿರಲಿಲ್ಲ. ಅದು ಇದ್ದದ್ದೋ ಸುರಂಗಕ್ಕೆ ಇಳಿಯಲು ತೋಡಿದ್ದ ಬಾವಿಯ ತಳದಿಂದ ಸುಮಾರು 1,000 ಅಡಿ ಒಳಗೆ, ಕತ್ತಲಲ್ಲಿ, ಮುರಿದ ಮರಮುಟ್ಟು ತೇಲುವ ನೀರಿನಲ್ಲಿ.

ಲ್ಯಾಂಬರ್ಟ್ ಮೊದಲು ಹೋದದ್ದು ಆ ಕಾಲದ ರೂಢಿಯಂತೆ, ತಾಮ್ರದ ಹೆಲ್ಮೆಟ್ ತೊಟ್ಟು, ಮೇಲಿನಿಂದ ಗಾಳಿ ಬರುವ ಕೊಳವೆ ಎಳೆದುಕೊಂಡು. ಕೊಳವೆ ಸೂರಿನ ಮರಗಳಿಗೆ ತಿಕ್ಕಿ ಸಿಕ್ಕಿಕೊಳ್ಳುತ್ತಿತ್ತು. ನಡುದಾರಿಯಲ್ಲಿ ನಿಂತು ಅದನ್ನು ಮುಂದೆ ನೂಕಿಕೊಡಲು ಬೇರೆ ಮುಳುಗುಗಾರರಿದ್ದರೂ ಬಾಗಿಲು ಮುಟ್ಟಲಾಗದೆ ಆತ ಹಿಂತಿರುಗಿದ.

ಆಗ ಹೆನ್ರಿ ಫ್ಲೂಸ್ ಎಂಬ ಹಡಗಿನ ನೌಕರ ತಾನು ಕಂಡುಹಿಡಿದ ಉಪಕರಣ ಹೊತ್ತು ಬಂದ. 1878ರಲ್ಲಿ ಪೇಟೆಂಟ್ ಪಡೆದಿದ್ದ ಅದರಲ್ಲಿ ಒತ್ತಿ ತುಂಬಿದ ಆಮ್ಲಜನಕ, ರಬ್ಬರಿನ ಉಸಿರುಚೀಲ, ಕಾಸ್ಟಿಕ್ ಪೊಟ್ಯಾಶ್‌ನಲ್ಲಿ ನೆನೆಸಿದ ಹಗ್ಗದ ನಾರು, ಇಷ್ಟೇ. ಹುಡುಗರ ಪ್ರಶ್ನೆಗೆ ಉತ್ತರ ಆ ನಾರಿನಲ್ಲಿದೆ. ನಾವು ಎಳೆಯುವ ಗಾಳಿಯಲ್ಲಿ ಆಮ್ಲಜನಕ ಶೇ. 21, ಬಿಡುವ ಉಸಿರಿನಲ್ಲೂ ಶೇ. 16ರಷ್ಟು ಉಳಿದಿರುತ್ತದೆ. ಕೆಡುಕು ಮಾಡುವುದು ಅದರೊಡನೆ ಬರುವ ಇಂಗಾಲದ ಡೈಆಕ್ಸೈಡ್. ನಾರು ಅದನ್ನು ಹೀರಿಕೊಳ್ಳುತ್ತದೆ, ದೇಹ ಬಳಸಿದಷ್ಟು ಆಮ್ಲಜನಕವನ್ನು ಸಿಲಿಂಡರ್ ತುಂಬಿಕೊಡುತ್ತದೆ, ಅದೇ ಗಾಳಿ ಸುತ್ತುತ್ತಿರುತ್ತದೆ. ಇವತ್ತು ನಾರಿನ ಜಾಗದಲ್ಲಿ ಸೋಡಾ ಲೈಮ್ ಹರಳುಗಳಿವೆ, ತತ್ವ ಬದಲಾಗಿಲ್ಲ.

ಫ್ಲೂಸ್ ತಾನೇ ಸುರಂಗಕ್ಕೆ ಇಳಿದು, ಮುಂದೆ ಹೋಗಲಾರೆ ಎಂದು ವಾಪಸಾದ. ಅದನ್ನು ಹೇಡಿತನವೆನ್ನಲು ನಾನು ಸಿದ್ಧನಿಲ್ಲ. ಮುಳುಗುವುದು ಅವನ ಕಸುಬಲ್ಲ. 1880ರ ನವೆಂಬರಿನಲ್ಲಿ ಲ್ಯಾಂಬರ್ಟ್ ಅದೇ ಉಪಕರಣ ಕಟ್ಟಿಕೊಂಡು ಒಬ್ಬನೇ ಹೋದ. ಬಾಗಿಲಿಗೆ ಅಡ್ಡವಾಗಿದ್ದ ಹಳಿಗಳಲ್ಲಿ ಒಂದನ್ನು ಕಿತ್ತು ಬಂದ. ಮತ್ತೆ ಹೋಗಿ ಇನ್ನೊಂದನ್ನು ಕಿತ್ತು, ಬಾಗಿಲು ಎಳೆದು, ಹೇಳಿದ್ದಂತೆ ಪಕ್ಕದ ಕವಾಟವನ್ನೂ ತಿರುಗಿಸಿ ಬಂದ. ಆದರೂ ನೀರು ನಿಧಾನವಾಗಿಯೇ ಇಳಿಯಿತು. ಆಮೇಲೆ ನೋಡಿದರೆ ಆ ಕವಾಟ ರೂಢಿಗೆ ವಿರುದ್ಧವಾಗಿ ಎಡಕ್ಕೆ ತಿರುಗಿಸಿ ಮುಚ್ಚುವಂಥದ್ದು. ಮುಚ್ಚಿಯೇ ಇದ್ದದ್ದನ್ನು ಲ್ಯಾಂಬರ್ಟ್ ತಿಳಿಯದೆ ತೆರೆದಿದ್ದ. ಸುರಂಗ 1886ರಲ್ಲಿ ಸಂಚಾರಕ್ಕೆ ತೆರೆಯಿತು. ಎಂಜಿನಿಯರುಗಳ ಹೆಸರಿನ ಜೊತೆ ಈತನ ಹೆಸರನ್ನೂ ದೊಡ್ಡದಾಗಿ ಬರೆಯಬೇಕಿತ್ತು.

ಆತ ಬದುಕಿದ್ದರಲ್ಲಿ ಅದೃಷ್ಟದ ಪಾಲೂ ಇದೆ. ಪಂಪುಗಳು ಅಷ್ಟರಲ್ಲಿ ಬಹಳ ನೀರನ್ನು ಮೇಲೆತ್ತಿದ್ದವು, ಹಾಗಾಗಿ ಒತ್ತಡ ಕಡಿಮೆಯಿತ್ತು. ಒತ್ತಡ ಹೆಚ್ಚಿದರೆ ಶುದ್ಧ ಆಮ್ಲಜನಕವೇ ವಿಷವಾಗಿ ಸೆಳವು ಬರುತ್ತದೆ ಎಂದು ಪಾಲ್ ಬರ್ಟ್ 1878ರಲ್ಲೇ ಫ್ರಾನ್ಸಿನಲ್ಲಿ ಬರೆದಿದ್ದ. ಮುಳುಗುವವರಿಗೆ ಅದರ ಬೆಲೆ ತಿಳಿದದ್ದು ಯುದ್ಧಕಾಲದಲ್ಲಿ. 1941ರ ಡಿಸೆಂಬರಿನಲ್ಲಿ ಆರು ಮಂದಿ ಇಟಾಲಿಯನ್ನರು ಗುಳ್ಳೆಯೇಳದ ಆಮ್ಲಜನಕದ ಉಪಕರಣ ತೊಟ್ಟು ಅಲೆಕ್ಸಾಂಡ್ರಿಯ ಬಂದರಿಗೆ ನುಸುಳಿ, ಕ್ವೀನ್ ಎಲಿಜಬೆತ್ ಮತ್ತು ವೇಲಿಯಂಟ್ ಎಂಬ ಎರಡು ಬ್ರಿಟಿಷ್ ಯುದ್ಧನೌಕೆಗಳನ್ನು ಕೆಡವಿದರು. ಬ್ರಿಟಿಷರೂ ಇಂಥ ಮುಳುಗುಗಾರರನ್ನು ತಯಾರು ಮಾಡಹೊರಟಾಗ, ಕೆನೆತ್ ಡೊನಾಲ್ಡ್ ಎಂಬ ನೌಕಾಪಡೆಯ ವೈದ್ಯ ಸ್ವಯಂಸೇವಕರ ಮೇಲೆ ಪರೀಕ್ಷೆ ನಡೆಸಿದ. ಒಬ್ಬನೇ ಮನುಷ್ಯ ಒಂದು ದಿನ ತಾಳಿಕೊಂಡ ಒತ್ತಡವನ್ನು ಇನ್ನೊಂದು ದಿನ ತಾಳಲಾರ. ಒಣ ಕೋಣೆಯಲ್ಲಿ ತಾಳಿದ್ದನ್ನು ನೀರಿನಲ್ಲಿ ತಾಳಲಾರ. ಇದನ್ನು ಕಂಡುಕೊಳ್ಳಲು ಎಷ್ಟೋ ಯುವಕರು ಸೆಳವಿಗೆ ಮೈಯೊಡ್ಡಿದರು. ಶುದ್ಧ ಆಮ್ಲಜನಕ ಉಸಿರಾಡುತ್ತ 6 ಮೀಟರಿಗಿಂತ ಕೆಳಗಿಳಿಯಬೇಡಿ ಎಂದು ನಾವು ಇಂದು ಕಲಿಸುವ ನಿಯಮದ ಹಿಂದೆ ಇಂಥ ನೋವಿದೆ.

ಇನ್ನೂ ಆಳಕ್ಕೆ ಹೋಗಬೇಕಾದರೆ ಆಮ್ಲಜನಕಕ್ಕೆ ಬೇರೆ ಅನಿಲ ಬೆರೆಸಬೇಕು, ಬೆರಕೆಯನ್ನು ಕ್ಷಣಕ್ಷಣವೂ ಅಳೆಯಬೇಕು. 1968ರಲ್ಲಿ ವಾಲ್ಟರ್ ಸ್ಟಾರ್ಕ್ ಮಾರುಕಟ್ಟೆಗೆ ತಂದ ಎಲೆಕ್ಟ್ರೊಲಂಗ್ ಅದನ್ನು ಸೆನ್ಸರ್‌ಗಳಿಗೆ ವಹಿಸಿತು. 1997ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಯಾರಾದ ಇನ್‌ಸ್ಪಿರೇಷನ್ ಬಂದ ಮೇಲೆ ಹವ್ಯಾಸಿಗಳ ಕೈಗೂ ಯಂತ್ರ ಸಿಕ್ಕಿತು. ಒಂದು ಸೆನ್ಸರ್ ತಪ್ಪು ಹೇಳಿದರೆ ಉಳಿದೆರಡು ಹಿಡಿದುಕೊಡಲಿ ಎಂದು ಅದರಲ್ಲಿ ಮೂರು ಸೆನ್ಸರ್‌ಗಳಿದ್ದವು.

ಹುಡುಗರಿಗೆ ನಾನು ಒತ್ತಿ ಹೇಳುವುದು ಇದು. ನಮಗೆ ಉಸಿರುಗಟ್ಟಿದಂತೆ ಅನ್ನಿಸುವುದು ಆಮ್ಲಜನಕ ಕಡಿಮೆಯಾದಾಗ ಅಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಯಂತ್ರ ಅದನ್ನು ಹೀರಿಬಿಡುವುದರಿಂದ ಆಮ್ಲಜನಕ ಮುಗಿಯುತ್ತ ಬಂದರೂ ಒದ್ದಾಟವಿಲ್ಲ, ದಣಿವಿಲ್ಲ. ನೆಮ್ಮದಿಯಾಗಿಯೇ ಎಚ್ಚರ ತಪ್ಪುತ್ತದೆ. ಫ್ಲೂಸ್‌ನ ಕಾಲದಲ್ಲೂ ಇದ್ದ ಅಪಾಯ ಇದು, ಈಗಲೂ ಇದೆ.

ಕಲಿಯಹೊರಟವರಲ್ಲಿ ನನ್ನ ಬೇಡಿಕೆ ಸಣ್ಣದು. ನೀರಿಗಿಳಿಯುವ ಮೊದಲು ದೋಣಿಯಲ್ಲೇ ಕುಳಿತು ಆ ಯಂತ್ರದಲ್ಲಿ ಐದು ನಿಮಿಷ ಉಸಿರಾಡಿ, ಆಮ್ಲಜನಕದ ಅಂಕಿಯ ಮೇಲೆ ಕಣ್ಣಿಡಿ, ಪಕ್ಕದಲ್ಲಿ ಮಾಮೂಲಿ ಸಿಲಿಂಡರ್ ಒಂದನ್ನು ತಪ್ಪದೆ ಕಟ್ಟಿಕೊಳ್ಳಿ. ಅಷ್ಟಕ್ಕೂ ಪುರುಸೊತ್ತಿಲ್ಲ ಎಂದು ಜೊತೆಗಾರ ಅವಸರ ಮಾಡಿದರೆ ಅವತ್ತು ಇಳಿಯಬೇಡಿ.