ಒಂದೂವರೆ ನಿಮಿಷದ ಹೋಟೆಲು

ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದಿನ ಉಡುಪಿ ಹೋಟೆಲನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದಾಗ ನನಗಿಂತ ಹೆಚ್ಚು ಮರುಗಿದವಳು ನನ್ನ ತಮ್ಮನ ಮಗಳು. "ದೊಡ್ಡಪ್ಪ, ಒಂದು ವೀಡಿಯೋ ಮಾಡಿಬಿಡೋಣ. ನೀವು ಮಾತಾಡ್ಸಿ, ನಾನು ತೆಗೀತೀನಿ" ಎಂದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಣಿಪತ್ ಕದನಗಳ ಪಾಠ ಹೇಳಿದವನಿಗೆ ಪಕ್ಕದ ಬೀದಿಯ ಇತಿಹಾಸ ಕೇಳಲು ಪುರುಸೊತ್ತು ಸಿಕ್ಕಿದ್ದು ಹೀಗೆ.

ಬೆಳಗಿನ ಐದೂವರೆಗೇ ಹೋದೆವು. ಅಡುಗೆಮನೆಯ ಹಬೆಗೆ ಫೋನಿನ ಕಣ್ಣು ಮಂಜಾಗುತ್ತಿತ್ತು. ಅವಳು ದುಪಟ್ಟಾದ ಅಂಚಿನಿಂದ ಒರೆಸಿ ಒರೆಸಿ ತೆಗೆದಳು. ಗ್ರೈಂಡರಿನ ಗದ್ದಲಕ್ಕೆ ಒಂದು ಮಾತೂ ಕೇಳಿಸದು, ನಿಲ್ಲಿಸಿ ಎನ್ನಲು ನಮಗೆ ಬಾಯಿ ಬಾರದು. ನೀರು ಚಿಮುಕಿಸಿ ಪೊರಕೆಯಿಂದ ಕಾವಲಿ ಗುಡಿಸುವುದನ್ನೇ ಏಳು ಸಲ ತೆಗೆದಾಗ ದೋಸೆ ಭಟ್ಟರು, "ಇಡೀ ಊರು ಗುಡಿಸ್ಬೇಕೇನಮ್ಮಾ?" ಎಂದರು.

ಗಲ್ಲಾದಲ್ಲಿ ಕೂತ ಯಜಮಾನರಿಗೆ ಎಂಬತ್ತು ದಾಟಿದೆ. ಕುಂದಾಪುರದ ಕಡೆಯಿಂದ 1954ರಲ್ಲಿ, ಹನ್ನೊಂದರ ಹುಡುಗ, ಲೋಟ ತೊಳೆಯಲು ಬಂದವರು. ಕರಾವಳಿಯಿಂದ ಹೀಗೆ ಘಟ್ಟ ಹತ್ತಿದವರು ಒಬ್ಬಿಬ್ಬರಲ್ಲ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರೂ ಅಡುಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು. ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲು ಇಂದು ಎಂ.ಟಿ.ಆರ್. ಎಂದು ಲೋಕಪ್ರಸಿದ್ಧ, ಅದರ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಂಥ ಹೆಸರು ಆಗ ಯಾರಿಗೂ ವಿಚಿತ್ರವಾಗಿ ಕಂಡಿರಲಿಕ್ಕಿಲ್ಲ.

ಕೇಳದೆಯೇ ಯಜಮಾನರು ಆ ಮಾತಿಗೆ ಬಂದರು. ಒಳಕೋಣೆ ಬ್ರಾಹ್ಮಣರಿಗೆ, ಮುಂದಿನ ಹಜಾರ ಉಳಿದವರಿಗೆ, ಬೀದಿಯ ಕಲ್ಲುಬೆಂಚು ಹೊಲಗೇರಿಯವರಿಗೆ. "ಒಳಗಿನ ಲೋಟ ನಾನು ತೊಳೀತಿದ್ದೆ. ಬೆಂಚಿನವರು ತಮ್ಮದನ್ನು ತಾವೇ ತೊಳ್ದು ಗೂಡಿನಲ್ಲಿ ಕವುಚಿ ಇಡ್ಬೇಕಿತ್ತು." ಹೋಟೆಲಿಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಕೂಡದೆಂದು 1950ರ ಸಂವಿಧಾನದ 15ನೆಯ ವಿಧಿಯೇ ಹೇಳಿತ್ತು. ತಡೆದರೆ ಶಿಕ್ಷೆ ಎಂಬ ಕಾಯಿದೆ 1955ರಲ್ಲಿ ಬಂತು. ಆದರೂ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಒಂದು ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಎಂಬ ಪದ ಅಳಿಸಬೇಕೆಂದು ಪೆರಿಯಾರರು 1957ರಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. ನಮ್ಮೂರಲ್ಲಿ ಚಳವಳಿಯೂ ಇರಲಿಲ್ಲ. "ಬೋರ್ಡು ಇಳೀತು, ಲೋಟ ಇಳೀಲಿಲ್ಲ" ಎಂದರು ಯಜಮಾನರು.

ನಾನು ಸುಮ್ಮನಿದ್ದೆ. ಅರವತ್ತರ ದಶಕದಲ್ಲಿ ಅಪ್ಪನ ಪಕ್ಕ ಅದೇ ಒಳಕೋಣೆಯಲ್ಲಿ ಕೂತು ಜಾಮೂನು ತಿಂದವನು ನಾನು. ನನ್ನ ಕ್ಲಾಸಿನ ಹುಡುಗನೊಬ್ಬ ಬೀದಿಯಲ್ಲಿ ಕಾಯುತ್ತಿದ್ದ. ಏಕೆ ಒಳಗೆ ಬರಲಿಲ್ಲ ಎಂದು ನಾನು ಅವನನ್ನು ಒಂದು ದಿನವೂ ಕೇಳಲಿಲ್ಲ.

ನಲವತ್ತೆಂಟು ನಿಮಿಷ ತೆಗೆದದ್ದು ಒಂದೂವರೆ ನಿಮಿಷಕ್ಕೆ ಇಳಿಯಬೇಕು. ಎರಡು ರಾತ್ರಿ ಕೂತು ಕತ್ತರಿಸಿ ತೋರಿಸಿದಳು. ಕಾವಲಿಯ ಚುಂಯ್ ಸದ್ದು, ಕಾಫಿಯ ನೊರೆ, ಹಳೆಯ ಗೋಡೆ ಗಡಿಯಾರ, ಹಿಂದೆ ವೀಣೆ. ಚೆನ್ನಾಗಿಯೇ ಇತ್ತು. ಲೋಟದ ಮಾತು ಇರಲಿಲ್ಲ. ಕೇಳಿದೆ. "ಅದು ಹಾಕಿದ್ರೆ ಪಾಪ ಅಜ್ಜನ್ನ ಜನ ಬೈತಾರೆ ದೊಡ್ಡಪ್ಪ. ಮುಚ್ಚೋ ಹೊತ್ತಲ್ಲಿ ಯಾಕೆ?" ಅವಳ ಮಾತಿನಲ್ಲಿ ಕರುಣೆಯಿತ್ತು, ತೆಗೆದುಹಾಕುವಂತಿರಲಿಲ್ಲ. ಆದರೆ ಆ ಕರುಣೆಯ ಮರೆಯಲ್ಲಿ ನಾನೂ ಬಚಾವಾಗುತ್ತಿದ್ದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಯಜಮಾನರನ್ನೇ ಕೇಳೋಣವೆಂದು ಹೋದೆವು. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ನೋಡಿದರು. "ಲೋಟದ್ದು ಎಲ್ಲುಂಟು?" ಎಂದರು. ಹೇಳಿದೆವು. "ನಾನು ಹೇಳಿದ್ದು ಹಾಕ್ಲಿಕ್ಕೇ ಅಲ್ದಾ ಮಾರಾಯ್ರೇ?"

ಗಡಿಯಾರ ಹೋಯಿತು, ವೀಣೆಯೂ ಹೋಯಿತು. ಹನ್ನೊಂದು ಸೆಕೆಂಡು ಲೋಟದ ಮಾತು ಬಂತು. ಭಾನುವಾರ ಸಂಜೆ ಹಾಕಿದಳು. ಬೈದವರು ಇದ್ದರು, ದೋಸೆಯ ರೇಟು ಕೇಳಿದವರು ಅದಕ್ಕಿಂತ ಹೆಚ್ಚು. ಮೂರನೆಯ ದಿನ ಯಾರೋ ಒಬ್ಬರು, ತಮ್ಮ ತಂದೆ ಆ ಬೆಂಚಿನ ಮೇಲೆ ಕಾಫಿ ಕುಡಿದವರೆಂದೂ ಅದು ಇನ್ನೂ ಇದೆಯೇ ಎಂದೂ ಬರೆದಿದ್ದರು. ಇದೆ ಎಂದು ಇವಳು ಉತ್ತರಿಸಿದಳು. ತಿಂಗಳ ಕೊನೆಯೊಳಗೆ ಬನ್ನಿ ಎಂದು ಸೇರಿಸಲು ನಾನು ಹೇಳಿದೆ.